ಮೋಟಾರು ಕಾರಿನ ಹಿಂಬದಿಯಲ್ಲಿ ಬೈಸಿಕಲ್ಲನ್ನು ಕ್ಷೇಮವಾಗಿ ಸಾಗಿಸುವ ಕ್ರಮ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಗಳ ಹಳ್ಳಿಗಳಲ್ಲಿ ಕಾರು, ಜೀಪುಗಳನ್ನು ಇಟ್ಟುಕೊಂಡಿರುವ ಗೌಡರೂ ಹಿಡುವಳಿದಾರರೂ ಈಗ ವಿರಳವಲ್ಲ. ಹಾಗೆಂದು ಬೈಸಿಕಲ್ಲಿನ ಉಪಯೋಗವು ತಪ್ಪಿಹೋಗಿದೆಯೆಂದು ತಿಳಿಯಕೂಡದು. ತುಂಗಭದ್ರೆಯ ಕಾಲುವೆಗಳ ಏರಿಯ ಮೇಲೆಯೂ, ಗದ್ದೆಗಳ ನಡುವಣ ಕಿರುದಾರಿಗಳಲ್ಲಿಯೂ ಕಾರು ಹೋಗಲಾರದು. ಹೋದರೂ ತಿರುಗಿಸಿಕೊಂಡು ಬರುವುದಕ್ಕೆ ಸ್ಥಳವಿರುವುದಿಲ್ಲ. ಅಂಥ ಕಡೆ ಕಾರನ್ನು ದೊಡ್ಡ ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಸೈಕಲ್ಲಿನ ಮೇಲೆ ಹೋಗಿ ನೀರು ಕಟ್ಟಿರುವ ಮಡಿಗಳನ್ನು ನೋಡಿಕೊಂಡು ಬರುವುದೇ ಸುಲಭ. ಬಳ್ಳಾರಿಯ ಶಾಲೆಗಳಲ್ಲಿ ಓದುವ ಮಕ್ಕಳ ಸೈಕಲ್ಲನ್ನು ರಜೆಯಲ್ಲಿ ಊರಿಗೆ ತರುವುದು, ಕೆಟ್ಟುದನ್ನು ರಿಪೇರಿಗೆ ಪಟ್ಟಣಕ್ಕೆ ಒಯ್ಯುವುದು ಇವೂ ಉಂಟು. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಹುಡುಗರು ಸೈಕಲ್ ಪಂದ್ಯಗಳಲ್ಲಿ ಹೆಸರು ಪಡೆದಿರುವುದನ್ನು ವಾಚಕರು ಬಲ್ಲರು. ಅವರಂತೆ ಪಂದ್ಯಕ್ಕೆ ಹೋಗುವವರಿಗೆ ಸೈಕಲ್ಲನ್ನು ದೂರದೂರಿಗೆ ಒಯ್ಯದೆ ಗತ್ಯಂತರವಿಲ್ಲ.

ಇದಕ್ಕಾಗಿ ಕಾರಿನ ಹಿಂಬದಿಗೆ ತಗುಲಿಸುವ, ಜನರು ರ್ಯಾಕು ಎಂದು ಕರೆಯುವ, ಕೊಳವೆಯ ಚೌಕಟ್ಟುಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಕಟ್ಟುವ ಕೆಲಸವು ನೋಡುವುದಕ್ಕೆ ಸುಲಭವಾಗಿದೆ. ಆದರೆ ಈ ಹೊರೆಯು ಚಾಲಕನ ಕಣ್ಣಿಗೆ ಮರೆಯಾಗಿ, ಗಾಡಿಯ ಹಿಂದುಗಡೆ ತೂಗಾಡುತ್ತಿರುತ್ತದೆ. ಅದು ಕಳಚಿ ಬಿದ್ದರೆ ಪೆಟ್ಟು ತಗಲುವುದು ಕಟ್ಟಿದವನಿಗಲ್ಲ, ಹಿಂದೆ ಬರುವವನಿಗೆ. ನಮ್ಮ ರಸ್ತೆಗಳಲ್ಲಿ ಹಿಂದೆ ಬರುವವನು ಬಹುಮಟ್ಟಿಗೆ ಮೋಟಾರು ಸೈಕಲ್ಲಿನವನು; ಅನೇಕ ವೇಳೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಆತನು ಒಂದೊಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಬರುತ್ತಿರುತ್ತಾನೆ. ರಸ್ತೆಯಲ್ಲಿ ಬಿದ್ದ ಕಬ್ಬಿಣದ ಸೈಕಲ್ಲಿಗೆ ಆ ವೇಗದಲ್ಲಿ ತಾಗುವುದೆಂದರೆ ಸುಮಾರು 14 ಮೀಟರು ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿನಿಂದ, ಕೆಳಗೆ ಬೀಳುವುದಕ್ಕೆ ಸಮಾನವಾದುದು. ಈ ಕಾರಣದಿಂದ ಸಣ್ಣ ವಿಷಯವನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಬಂಡಿ ಹೂಡಿ ಬಲ್ಲವರಿಗೆ ಇದರ ಮೂಲತತ್ತ್ವವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಬಂಡಿಯಲ್ಲಿ ಹೊರೆಯು ಅಚ್ಚಿನ ಹಿಂದಕ್ಕೆ ಬಿದ್ದರೆ ಹಿಂಭಾರವಾಗಿ ನೊಗವು ಮೇಲಕ್ಕೇಳುತ್ತದೆ, ಎತ್ತುಗಳ ಕೊರಳ ಕಣ್ಣಿ ಬಿಗಿಯುತ್ತದೆ. ಕಾರಿಗೆ ನೊಗವಿಲ್ಲವಾದರೂ ಭಾರದ ನಿಯಮವು ಅದೇ. ಒಂದು ಉದಾಹರಣೆಯನ್ನು ನೋಡೋಣ. ತಲಾ 20 ಕಿಲೋ ತೂಗುವ ಎರಡು ಸೈಕಲ್ಲುಗಳು, 10 ಕಿಲೋ ತೂಗುವ ಚೌಕಟ್ಟು, ಒಟ್ಟು 50 ಕಿಲೋ. ಈ ಭಾರವು ಹಿಂದಿನ ಅಚ್ಚಿನಿಂದ 1.2 ಮೀಟರು ಹಿಂದೆ ಇದೆಯೆಂದೂ, ಮುಂದಿನ ಹಿಂದಿನ ಅಚ್ಚುಗಳ ನಡುವೆ 2.5 ಮೀಟರು ಅಂತರವಿದೆಯೆಂದೂ ಇಟ್ಟುಕೊಳ್ಳಿರಿ. ಆಗ ಮುಂದಿನ ಚಕ್ರಗಳ ಮೇಲಿನ ಭಾರವು 24 ಕಿಲೋ ಕಡಿಮೆಯಾಗುತ್ತದೆ. ಹಿಂದಿನ ಚಕ್ರಗಳ ಮೇಲೆ 50 ಅಲ್ಲ, 74 ಕಿಲೋ ಬೀಳುತ್ತದೆ. ನಮ್ಮ ಸೀಮೆಯ 75 ಕಿಲೋವಿನ ಒಂದು ಭತ್ತದ ಚೀಲವನ್ನು ಹಿಂದಿನ ಅಚ್ಚಿನ ಮೇಲೆ ಇಟ್ಟಂತೆಯೇ ಆಯಿತು. ಡಿಕ್ಕಿಯೊಳಗೂ ಸಾಮಾನು ತುಂಬಿ, ಹಿಂದಿನ ಆಸನದಲ್ಲಿ ಮೂವರು ಕುಳಿತರೆ ಕಾರಿನ ಮೂತಿ ಮೇಲಕ್ಕೆದ್ದು ಮುಂದಿನ ಚಕ್ರಗಳು ನೆಲವನ್ನು ಸಡಿಲವಾಗಿ ಹಿಡಿಯುತ್ತವೆ. ಕಾರನ್ನು ತಿರುಗಿಸುವುದೂ ತಡೆಯುವುದೂ ಆ ಚಕ್ರಗಳನ್ನೇ ನಂಬಿರುವ ಕೆಲಸಗಳಾದ್ದರಿಂದ ಇದು ಅಪಾಯಕರ. ಭಾರವಾದ ಸಾಮಾನುಗಳನ್ನು ಒಳಗೆ, ಸಾಧ್ಯವಾದಷ್ಟು ಮುಂದಕ್ಕೆ ಇಡತಕ್ಕದ್ದು. ಹಿಂದಿನ ಟೈರುಗಳ ಗಾಳಿಯನ್ನು, ಪೂರ್ಣ ಭಾರಕ್ಕೆ ಇಷ್ಟಿರಬೇಕೆಂದು ಕಾರಿನ ಬಾಗಿಲ ಬಳಿಯ ಚೀಟಿಯಲ್ಲಿ ಅಚ್ಚಾಗಿರುವ ಪ್ರಮಾಣಕ್ಕೆ ಸರಿಯಾಗಿ, ಹೊರಡುವ ಮುಂಚೆಯೇ ತುಂಬಿಸಬೇಕು.

ಇದಲ್ಲದೆ, ಮೇಲೆ ಹೇಳಿದ ತೂಕವು ನಿಂತ ಕಾರಿನದು. ರಸ್ತೆಯುಬ್ಬನ್ನು ಹಾರಿಸಿದಾಗ ಅದೇ 20 ಕಿಲೋವಿನ ಸೈಕಲ್ಲು ಕ್ಷಣಮಾತ್ರ ಎರಡು ಮೂರು ಪಟ್ಟು ಭಾರವಾಗಿ ಪಟ್ಟಿಗಳನ್ನು ಜಗ್ಗುತ್ತದೆ. ಎರೆಭೂಮಿಯ ಮೇಲೆ ಹಾಕಿರುವ ರಸ್ತೆಗಳ ಗುಣವು ಎಲ್ಲರಿಗೂ ತಿಳಿದದ್ದೇ: ಮಳೆಗಾಲದಲ್ಲಿ ಎರೆಮಣ್ಣು ಉಬ್ಬಿ, ಬೇಸಗೆಯಲ್ಲಿ ಬಿರಿದು ಕುಗ್ಗಿ, ಡಾಂಬರು ಹಾಕಿದ ನೆಲವೂ ಅಲೆಅಲೆಯಾಗುತ್ತದೆ. ಚೌಕಟ್ಟನ್ನು ಮಾಡಿದವರು ಇಂತಿಷ್ಟು ಕಿಲೋ ಎಂದು ಬರೆದಿರುವ ಮಿತಿಯು ನಯವಾದ ರಸ್ತೆಗೆ ಸರಿ. ನಮ್ಮ ರಸ್ತೆಗಳಲ್ಲಿ ಅದರ ಅಂಚಿನವರೆಗೆ ಹೋಗದಿರುವುದು ಲೇಸು. ಹಗುರವಾದ ಪಂದ್ಯದ ಸೈಕಲ್ಲು 8 ಅಥವಾ 9 ಕಿಲೋ ತೂಗಿದರೆ, ನಮ್ಮ ಹಳೆಯ ಮಾದರಿಯ ಗಟ್ಟಿ ಸೈಕಲ್ಲು ಕ್ಯಾರಿಯರು, ಸ್ಟ್ಯಾಂಡು ಸಹಿತ 20 ಕಿಲೋ ಮೀರುತ್ತದೆ. ಎರಡು ಸೈಕಲ್ಲಿನ ಚೌಕಟ್ಟೆಂದು ಮಾರುವುದು ಬಹುಶಃ ಹಗುರವಾದ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆದ್ದರಿಂದ ಸೈಕಲ್ಲುಗಳ ಸಂಖ್ಯೆಯನ್ನಲ್ಲ, ತೂಕವನ್ನು ಲೆಕ್ಕ ಹಾಕಬೇಕು. ತೂಕದ ತಕ್ಕಡಿಯು ಪ್ರತಿ ಹಳ್ಳಿಯಲ್ಲಿಯೂ ಇದ್ದೇ ಇದೆ.

ಚೌಕಟ್ಟುಗಳಲ್ಲಿ ಮುಖ್ಯವಾಗಿ ಮೂರು ವಿಧ. ಕಾರಿನ ಕೆಳಗಿನ ಕಬ್ಬಿಣದ ತೊಲೆಗೆ ಬೋಲ್ಟು ಹಾಕಿ ಕೂರಿಸಿದ ಕೊಕ್ಕೆಯ ಮೇಲೆ ನಿಲ್ಲುವಂಥದು ಎಲ್ಲಕ್ಕಿಂತ ಭದ್ರ. ಆದರೆ ಅದಕ್ಕೆ ಬೆಲೆ ಹೆಚ್ಚು, ಎಲ್ಲ ಕಾರುಗಳಿಗೂ ಅಂಥ ಕೊಕ್ಕೆ ಇರುವುದಿಲ್ಲ. ಬೊಲೆರೊ ಮುಂತಾದ ಜೀಪುಗಳ ಹಿಂಬಾಗಿಲಿಗಿರುವ ಸ್ಟೆಪ್ನಿ ಚಕ್ರಕ್ಕೆ ತಗುಲಿಸುವುದು ಎರಡನೆಯದು. ಇದರಲ್ಲಿ ಭಾರವೆಲ್ಲ ಬಾಗಿಲ ತಿರುಗಣಿಗಳ ಮೇಲೆ ಬೀಳುತ್ತದೆ. ಆ ತಿರುಗಣಿಗಳು ಮೊದಲೇ ಚಕ್ರದ ತೂಕವನ್ನು ಹೊತ್ತು ಸವೆದಿರುತ್ತವೆ. ಬಾಗಿಲನ್ನು ಅರ್ಧ ತೆರೆದು ಚಕ್ರವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿರಿ. ಕಿಂಚಿತ್ತು ಆಡುತ್ತಿದ್ದರೂ ಮೊದಲು ಅದನ್ನು ಸರಿಪಡಿಸಿ ಆಮೇಲೆ ಸೈಕಲ್ಲಿನ ಮಾತನ್ನು ಯೋಚಿಸಬಹುದು. ಮೂರನೆಯದು, ಡಿಕ್ಕಿಯ ಅಂಚುಗಳಿಗೆ ಕೊಕ್ಕೆಗಳಿರುವ ಪಟ್ಟಿಗಳಿಂದ ಬಿಗಿಯುವಂಥದು. ಅಗ್ಗವೂ ಎಲ್ಲ ಕಾರುಗಳಿಗೂ ಹೊಂದುವಂಥದೂ ಆದುದರಿಂದ ಜನರು ಇದನ್ನೇ ಕೊಳ್ಳುವುದು ಹೆಚ್ಚು; ತಪ್ಪಾಗಿ ಕಟ್ಟುವುದಕ್ಕೆ ಅವಕಾಶವೂ ಇದರಲ್ಲಿಯೇ ಹೆಚ್ಚು. ಆದಕಾರಣ ಮುಂದಿನ ಮಾತುಗಳು ಬಹುಮಟ್ಟಿಗೆ ಈ ಮೂರನೆಯ ವಿಧಕ್ಕೆ ಸಂಬಂಧಿಸಿದವು.

ಚೌಕಟ್ಟಿನ ಮೆತ್ತೆಗಳು ಕೂರುವ ಸ್ಥಳವನ್ನು ಮೊದಲು ಒದ್ದೆ ಬಟ್ಟೆಯಿಂದ ಒರಸಬೇಕು. ಧೂಳಿನ ಮೇಲೆ ಮೆತ್ತೆಯನ್ನು ಒತ್ತಿ ಬಿಗಿದರೆ ಅದು ಬಣ್ಣವನ್ನು ಅರೆಯುವುದಲ್ಲದೆ ಜಾರುತ್ತಲೂ ಹೋಗುತ್ತದೆ. ಬಣ್ಣ ಕೆಡುವುದೆಂಬ ಭಯದಿಂದ ಕೆಲವರು ದಪ್ಪ ಟವೆಲನ್ನು ಮಡಿಸಿ ಅಡಿಯಲ್ಲಿ ಇಡುತ್ತಾರೆ. ಅದು ಸರಿಯಲ್ಲ, ಬಟ್ಟೆಯ ಮಡಿಕೆಯು ದಾರಿಯಲ್ಲಿ ಅಮರಿಕೊಂಡು ಪಟ್ಟಿ ಸಡಿಲವಾಗುತ್ತದೆ. ಕೊಕ್ಕೆಗಳು ಹಿಡಿಯಬೇಕಾದುದು ತಗಡಿನ ಅಂಚನ್ನೇ ಹೊರತು ಗಾಜಿನ ಅಂಚನ್ನಾಗಲಿ, ಡಿಕ್ಕಿಯ ಮೇಲೆ ಅಲಂಕಾರಕ್ಕಾಗಿ ಚಾಚಿರುವ ಪ್ಲಾಸ್ಟಿಕ್ಕಿನ ರೆಕ್ಕೆಯನ್ನಾಗಲಿ ಅಲ್ಲ. ಮೆತ್ತೆಗಳು ಗಾಜಿನ ಮೇಲೆ ಭಾರ ಹಾಕಕೂಡದು. ಮೇಲಿನ ಪಟ್ಟಿಗಳು ಭಾರವನ್ನು ಹೊರುತ್ತವೆ, ಕೆಳಗಿನವು ಚೌಕಟ್ಟು ಮೇಲಕ್ಕೆ ಹಾರದಂತೆ ತಡೆಯುತ್ತವೆ, ಪಕ್ಕದವು ಅತ್ತಿತ್ತ ಸರಿಯದಂತೆ ಹಿಡಿಯುತ್ತವೆ. ಪಕ್ಕದ ಪಟ್ಟಿಗಳನ್ನು ಅನಾವಶ್ಯಕವೆಂದು ಬಿಚ್ಚಿ ಮನೆಯಲ್ಲಿಡುವವರು ಉಂಟು. ತಿರುವಿನಲ್ಲಿ ಅವುಗಳ ಬೆಲೆ ತಿಳಿಯುತ್ತದೆ. ಬಕಲುಗಳನ್ನು ಒಂದನ್ನೇ ಪೂರ್ತಿ ಎಳೆಯದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಆಮೇಲೆ ಚೌಕಟ್ಟನ್ನು ಎರಡು ಕೈಗಳಿಂದಲೂ ಹಿಡಿದು ಬಲವಾಗಿ ಅಲ್ಲಾಡಿಸಿದರೆ ಕಾರೇ ಅಲ್ಲಾಡಬೇಕು, ಚೌಕಟ್ಟು ಮಾತ್ರ ಬೇರೆಯಾಗಿ ಆಡಬಾರದು. ಬಕಲಿನಿಂದ ಉಳಿದ ಪಟ್ಟಿಯ ತುದಿಗಳನ್ನು ಗಂಟುಹಾಕಿ ಒಳಗೆ ಸಿಕ್ಕಿಸಬೇಕು; ಅವು ಗಾಳಿಗೆ ಬಡಿದಾಡುವುದಲ್ಲದೆ ಸೈಲೆನ್ಸರಿನ ಬಿಸಿಗೆ ತಾಗಿ ಸುಡುವುದೂ ಉಂಟು. ಉದ್ದನೆಯ ಪಟ್ಟಿಯನ್ನು ಅರ್ಧ ಸುತ್ತು ತಿರುಚಿ ಕಟ್ಟಿದರೆ ಗಾಳಿಯಲ್ಲಿ ಗುಂಯ್ಗುಡುವುದು ನಿಲ್ಲುತ್ತದೆ.

ಇನ್ನು ಸೈಕಲ್ಲಿನ ವಿಷಯ. ಪಂಪು, ಬುಟ್ಟಿ, ನೀರಿನ ಸೀಸೆ, ಮಗುವಿನ ಆಸನ, ಬೀಗದ ಸರಪಣಿ ಇವೆಲ್ಲವನ್ನೂ ಮೊದಲೇ ತೆಗೆದು ಕಾರಿನೊಳಗೆ ಇಡಬೇಕು. ವಿದ್ಯುಚ್ಛಕ್ತಿಯ ಸೈಕಲ್ಲಾದರೆ ಬ್ಯಾಟರಿಯನ್ನು ಬಿಚ್ಚಿ ಒಳಗಿಟ್ಟರೆ ತೂಕವೂ ಕಡಿಮೆಯಾಗುತ್ತದೆ. ಭಾರವಾದ ಸೈಕಲ್ಲು ಕಾರಿನ ಸಮೀಪಕ್ಕೆ, ಹಗುರವಾದುದು ಹೊರಗಡೆಗೆ ಇರತಕ್ಕದ್ದು. ಕಾರಣವನ್ನು ಬಂಡಿಯ ಲೆಕ್ಕದಲ್ಲಿ ಆಗಲೇ ಹೇಳಿದೆ. ಒಂದರ ಹ್ಯಾಂಡಲು ಎಡಕ್ಕೆ, ಇನ್ನೊಂದರದು ಬಲಕ್ಕೆ ಬರುವಂತೆ ತೂಗುಹಾಕಿದರೆ ಒಂದಕ್ಕೊಂದು ತಾಗುವುದು ಕಡಿಮೆ. ಗಂಡಸರ ಸೈಕಲ್ಲಿಗೆ ಮೇಲುಗಡೆ ಅಡ್ಡಕೊಳವೆ ಇರುವುದರಿಂದ ಚೌಕಟ್ಟಿನ ತೋಳುಗಳ ಮೇಲೆ ಅದು ನೆಟ್ಟಗೆ ಕೂರುತ್ತದೆ. ಹೆಂಗಸರ ಸೈಕಲ್ಲಿಗೆ ಆ ಕೊಳವೆ ಇಲ್ಲ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಸರ್ಕಾರದ ಯೋಜನೆ ಪ್ರಾರಂಭವಾದ ಮೇಲೆ ನಮ್ಮ ಹಳ್ಳಿಯ ಮನೆಗಳಿಗೆ ಬಂದ ಹೆಣ್ಣುಮಕ್ಕಳ ಸೈಕಲ್ಲುಗಳು ಇಂಥವೇ. ಇವನ್ನು ಓರೆಯಾದ ಕೊಳವೆಯಲ್ಲಿಯೇ ತೂಗುಹಾಕಿದರೆ ಒಂದು ಚಕ್ರವು ಕೆಳಕ್ಕೆ ಜೋತು ನೆಲವನ್ನೋ ಸೈಲೆನ್ಸರನ್ನೋ ಮುಟ್ಟುತ್ತದೆ. ಸೀಟಿನ ಕಂಬಕ್ಕೂ ಹ್ಯಾಂಡಲಿನ ಕಂಬಕ್ಕೂ ನಡುವೆ ಜೋಡಿಸುವ ಅಡ್ಡಕೋಲು ಪ್ರತ್ಯೇಕವಾಗಿ ದೊರೆಯುತ್ತದೆ. ಅದನ್ನು ಕೊಳ್ಳುವುದೇ ಸರಿ. ಬಿದಿರಿನ ಗಳುವನ್ನು ಕಟ್ಟಿ ಆ ಕೆಲಸವನ್ನು ಸಾಗಿಸುವುದು ಬುದ್ಧಿವಂತಿಕೆಯಾಗಿ ಕಂಡರೂ, ನುಣುಪಾದ ಬಿದಿರು ಕಟ್ಟಿನಲ್ಲಿ ತಿರುಗುತ್ತದೆ.

ತೋಳುಗಳ ಮೇಲಿನ ರಬ್ಬರು ಪಟ್ಟಿಗಳು ಸೈಕಲ್ಲನ್ನು ಅಲ್ಲಾಡದಂತೆ ಹಿಡಿಯುತ್ತವೆಯೇ ಹೊರತು ಅದು ಬೀಳದಂತೆ ಕಾಯುವುದಕ್ಕೆ ಸಾಲವು. ಬಳ್ಳಾರಿಯ ಬಿಸಿಲಿನಲ್ಲಿ ಒಂದೆರಡು ಬೇಸಗೆ ಕಳೆದ ರಬ್ಬರನ್ನು ಬಾಗಿಸಿ ನೋಡಿದರೆ ಬಿರುಕುಗಳು ಕಾಣುತ್ತವೆ. ಆದ್ದರಿಂದ ಪ್ರತಿಯೊಂದು ಸೈಕಲ್ಲಿಗೂ ಬೇರೊಂದು ಕಟ್ಟು ಇರಲೇಬೇಕು. ಈ ಎರಡನೆಯ ಕಟ್ಟು ಮೊದಲನೆಯದನ್ನು ಸ್ವಲ್ಪವೂ ನಂಬಿಕೊಂಡಿರಕೂಡದು. ಚೌಕಟ್ಟೇ ಕಳಚಿದರೂ ಸೈಕಲ್ಲು ರಸ್ತೆಗೆ ಬೀಳದೆ ಕಾರಿಗೆ ಜೋತಿರುವಂತೆ, ಸೈಕಲ್ಲಿನ ಫ್ರೇಮಿನಿಂದ ಹೊರಟು ಚೌಕಟ್ಟನ್ನು ಸುತ್ತಿ ಕಾರಿನ ಕೆಳಗಿನ ಎಳೆಯುವ ಕೊಂಡಿಗೋ, ಗಟ್ಟಿಯಾದ ಬೇರೆ ಲೋಹದ ಭಾಗಕ್ಕೋ ಸೇರಬೇಕು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವವರು ಇದನ್ನು ನೆನಪಿಟ್ಟರೆ ಸಾಕು.

ಹಗ್ಗದ ಆಯ್ಕೆಯಲ್ಲಿ ಹಳ್ಳಿಯವರ ಅನುಭವವು ಪಟ್ಟಣದವರಿಗಿಂತ ಮೇಲು. ಪುಂಡಿನಾರಿನ ಹಗ್ಗವು ಗಂಟನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನೆನೆದಾಗ ಬಿಗಿದು ಒಣಗಿದಾಗ ಸಡಿಲವಾಗುತ್ತದೆ. ನೈಲಾನು ಹಗ್ಗವು ಬಲವಾದದ್ದಾದರೂ ನುಣುಪಾದುದರಿಂದ ಗಂಟು ಜಾರುತ್ತದೆ. ಒಂದು ಗಂಟಿಗೆ ಎರಡು ಹಾಕಬೇಕು, ತುದಿಯನ್ನು ಒಂದು ಗೇಣಾದರೂ ಬಿಟ್ಟಿರಬೇಕು. ಹಳೆಯ ಸೈಕಲ್ಲು ಟ್ಯೂಬನ್ನು ಸೀಳಿದ ಪಟ್ಟಿಯಿಂದ ಏನನ್ನಾದರೂ ಕಟ್ಟಬಹುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಚಕ್ರವು ಗಾಳಿಗೆ ತಿರುಗದಂತೆ, ಹ್ಯಾಂಡಲು ಹೊರಳಿ ಗಾಜಿಗೆ ಬಡಿಯದಂತೆ ಕಟ್ಟುವುದಕ್ಕೆ ಅದಕ್ಕಿಂತ ಉತ್ತಮವಾದುದಿಲ್ಲ. ಭಾರವನ್ನು ಮಾತ್ರ ಅದಕ್ಕೆ ಒಪ್ಪಿಸಕೂಡದು, ಏಕೆಂದರೆ ಜಗ್ಗಿದಷ್ಟೂ ಅದು ಹಿಗ್ಗುತ್ತದೆ. ಜೀರುಗುಣಿಕೆಯ ಕಟ್ಟು ದನದ ಕೊಟ್ಟಿಗೆಗೆ ಸರಿ, ಇಲ್ಲಿಗಲ್ಲ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನರು ಕರಿಗಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರೆಂಬುದು ಅಗೆದು ನೋಡಿದವರಿಂದ ಗೊತ್ತಾಗಿದೆ. ಕಲ್ಲನ್ನು ಹಿಡಿಗೆ ಬಿಗಿಯಲು ಬಾರದವನ ಹಿಂದೆ ನಿಲ್ಲುವುದಕ್ಕೆ ಆ ಕಾಲದಲ್ಲಿಯೂ ಯಾರೂ ಒಪ್ಪಿರಲಾರರು.

ತೂಗುಹಾಕಿದ ಸೈಕಲ್ಲಿನ ಟೈರು ಸೈಲೆನ್ಸರಿನ ಬಾಯಿಗೆ ನೇರವಾಗಿ ಬರುತ್ತದೆಯೇ ಎಂದು ಬಗ್ಗಿ ನೋಡಬೇಕು. ಹೊರಡುವ ಆ ಬಿಸಿಗಾಳಿಯು ಅರ್ಧ ಗಂಟೆಯಲ್ಲಿ ರಬ್ಬರನ್ನು ಕೆಡಿಸಬಲ್ಲದು. ಪೆಡಲು ಗಾಜಿನ ಕಡೆಗೆ ತಿರುಗಿದ್ದರೆ ಅದನ್ನು ಬೇರೆ ಕಡೆಗೆ ತಿರುಗಿಸಿ ಕಟ್ಟಿರಿ. ಧೂಳು ಕೂರುವುದೆಂದು ಸೈಕಲ್ಲಿಗೆ ತಾಟುಪತ್ರಿ ಸುತ್ತುವುದುಂಟು. ಅದು ಹಾಯಿಯಂತೆ ಗಾಳಿ ಹಿಡಿದು ಎಲ್ಲ ಕಟ್ಟುಗಳನ್ನೂ ಜಗ್ಗುತ್ತದೆ. ಓಡುವ ಕಾರಿನ ಹಿಂದೆ ಧೂಳು ಸುಳಿಯುವುದು ಸಹಜ. ಊರು ಸೇರಿದ ಮೇಲೆ ಚೈನನ್ನು ಒರಸಿ ಎಣ್ಣೆ ಹಾಕಿದರೆ ಸಾಕು.

ಈಗ ದೀಪಗಳ ವಿಷಯಕ್ಕೆ ಬರೋಣ. ಕಟ್ಟು ಭದ್ರವಾಗಿದ್ದರೂ ದೀಪ ಮರೆಯಾದರೆ ಅಪಾಯವು ಹೋಗಲಿಲ್ಲ. ಸೈಕಲ್ಲಿನ ಎರಡು ಚಕ್ರಗಳು ಸರಿಯಾಗಿ ಕಾರಿನ ಎರಡು ಹಿಂದೀಪಗಳ ಮುಂದೆ ಬಂದು ನಿಲ್ಲುವುದು ಸಾಮಾನ್ಯ. ಹಿಂದೆ ಬರುವವನಿಗೆ ಆಗ ಬ್ರೇಕಿನ ಕೆಂಪು ದೀಪವಾಗಲಿ, ಎಡಬಲ ತಿರುಗುವ ಇಂಡಿಕೇಟರಾಗಲಿ ಚೂರುಚೂರಾಗಿ ಕಾಣುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ರಾತ್ರಿ ಕಾಲದಲ್ಲಿ ಹಿಂಬದಿಯ ನಂಬರು ಪೂರ್ತಿಯಾಗಿ 15 ಮೀಟರು ದೂರದಿಂದ ಓದುವಂತೆ ಬೆಳಗಿರಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಕತ್ತಲಾದ ಮೇಲೆ ಒಬ್ಬರು ಕಾರಿನಲ್ಲಿ ಕುಳಿತು ಬ್ರೇಕನ್ನು ತುಳಿಯಲಿ, ಇಂಡಿಕೇಟರುಗಳನ್ನು ಹಾಕಲಿ. ಇನ್ನೊಬ್ಬರು ಹಿಂದಕ್ಕೆ ಇಪ್ಪತ್ತು ಹೆಜ್ಜೆ ನಡೆದು, ಮೋಟಾರು ಸೈಕಲ್ಲಿನ ಮೇಲೆ ಕುಳಿತವನ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಲಿ. ನಂಬರನ್ನು ಓದಲಾಗದಿದ್ದರೆ ಅಥವಾ ದೀಪಗಳಲ್ಲಿ ಒಂದಾದರೂ ಮರೆಯಾಗಿದ್ದರೆ ಚೌಕಟ್ಟನ್ನು ಮೇಲಕ್ಕೋ ಪಕ್ಕಕ್ಕೋ ಸರಿಸಬೇಕು. ಅದರಿಂದಲೂ ಆಗದಿದ್ದರೆ ದೀಪಗಳೂ ನಂಬರೂ ಉಳ್ಳ ಪ್ರತ್ಯೇಕ ಹಲಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ ಕಾರಿನ ವಿದ್ಯುತ್ತಿಗೆ ಜೋಡಿಸಬಹುದು. ಹಗಲಿನಲ್ಲಿ ಹೊರಗಿನ ಸೈಕಲ್ಲಿನ ತುದಿಗೆ ಕೆಂಪು ಬಟ್ಟೆ, ರಾತ್ರಿ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಇರಲಿ. ಇಷ್ಟು ಮಾಡಿಯೂ ಸಾಧ್ಯವಿದ್ದಷ್ಟು ಹಗಲಿನಲ್ಲಿಯೇ ಪ್ರಯಾಣ ಮಾಡುವುದು ಉತ್ತಮವೆಂದೇ ನಮ್ಮ ಅಭಿಪ್ರಾಯ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಆದ ತಿದ್ದುಪಡಿಯಂತೆ, ಹೊರೆಯು ಗಾಡಿಯ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಅನುಮತಿಯ ಮಿತಿಯನ್ನು ಮೀರಿ ಚಾಚಿಕೊಂಡಿದ್ದರೆ 20,000 ರೂಪಾಯಿ ಜುಲ್ಮಾನೆಯುಂಟು. ಆ ಹೊರೆಯನ್ನು ಇಳಿಸುವ ಖರ್ಚೂ ಗಾಡಿಯವನದೇ. ಸೈಕಲ್ಲಿನ ಉದ್ದವು ಸಣ್ಣ ಕಾರಿನ ಅಗಲಕ್ಕೆ ಸಮಾನವಾಗಿಯೋ ಕೊಂಚ ಹೆಚ್ಚಾಗಿಯೋ ಇರುವುದರಿಂದ ಚಕ್ರವು ಪಕ್ಕಕ್ಕೆ ಚಾಚುವುದು ಸುಲಭ. ಮುಂದಿನ ಚಕ್ರವನ್ನು ಬಿಚ್ಚಿ ಒಳಗಿಟ್ಟರೆ ಆ ತೊಂದರೆ ತಪ್ಪುತ್ತದೆ, ತೂಕವೂ ಇಳಿಯುತ್ತದೆ. ಹಿಂದಕ್ಕೆ ಚಾಚುವುದಂತೂ ಈ ಚೌಕಟ್ಟಿನ ಸ್ವಭಾವವೇ. ಆದ್ದರಿಂದ ಚೌಕಟ್ಟನ್ನು ಕೊಳ್ಳುವ ಮೊದಲೇ ಬಳ್ಳಾರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ತಮ್ಮ ಕಾರಿನ ಮಾದರಿಯನ್ನೂ ಚೌಕಟ್ಟಿನ ಮಾದರಿಯನ್ನೂ ತಿಳಿಸಿ, ಅವರ ಉತ್ತರವನ್ನು ಬರಹದಲ್ಲಿ ಪಡೆಯುವುದು ವಿವೇಕ. ವಿಮೆಯವರನ್ನೂ ಹಾಗೆಯೇ ಕೇಳಬೇಕು.

ಹೊರಟ ಮೇಲೆ ಮೊದಲ ಐದು ಕಿಲೋಮೀಟರಿನೊಳಗೆ ಒಮ್ಮೆ ನಿಲ್ಲಿಸಿ ಎಲ್ಲ ಬಕಲುಗಳನ್ನೂ ಗಂಟುಗಳನ್ನೂ ಕೈಯಿಂದ ಮುಟ್ಟಿ ನೋಡತಕ್ಕದ್ದು. ಹೊಸ ಕಟ್ಟು ಅಮರಿಕೊಂಡು ಸಡಿಲವಾಗುವುದು ಈ ಮೊದಲ ದೂರದಲ್ಲಿಯೇ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವವರು ನಡುವೆ ಇನ್ನೊಮ್ಮೆ ನಿಲ್ಲಬೇಕು. ಕೆಟ್ಟ ರಸ್ತೆಯನ್ನು ದಾಟಿದ ಮೇಲಂತೂ ತಪ್ಪದೆ ನೋಡಬೇಕು. ರಸ್ತೆಯುಬ್ಬುಗಳಲ್ಲಿ ಎತ್ತಿನ ನಡಿಗೆಯಷ್ಟು ನಿಧಾನವಾಗಿ ಹೋಗಬೇಕು. ಒಳ್ಳೆಯ ರಸ್ತೆಯಲ್ಲಿಯೂ ಗಂಟೆಗೆ 80 ಕಿಲೋಮೀಟರನ್ನು ಮೀರಕೂಡದು. ಕಾಲುವೆಯ ಬದಿಯ ದಾರಿಗಳಲ್ಲಿ ಇದರ ಅರ್ಧವೂ ಹೆಚ್ಚೇ. ಹಿಂದಕ್ಕೆ ತೆಗೆಯುವಾಗ ಕಾರು ಎರಡು ಮೂರು ಅಡಿ ಉದ್ದವಾಗಿದೆಯೆಂಬುದನ್ನು ಮರೆಯಬಾರದು. ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಸಿಕೊಳ್ಳುವುದು ಒಳ್ಳೆಯದು. ಸೈಕಲ್ಲು ಮೇಲಿರುವಾಗ ಡಿಕ್ಕಿಯನ್ನು ತೆರೆಯಲೇಬಾರದು.

ಭತ್ತದ ಕೊಯ್ಲಿನ ದಿನಗಳಲ್ಲಿ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ಹುಲ್ಲು ಹೇರಿದ ಟ್ರಾಕ್ಟರುಗಳು ರಸ್ತೆಯ ಅರ್ಧವನ್ನು ಆಕ್ರಮಿಸಿ ಹೋಗುತ್ತಿರುತ್ತವೆ, ರಾತ್ರಿ ಹಿಂದೀಪವಿಲ್ಲದೆ ರಸ್ತೆಯಲ್ಲಿಯೇ ನಿಂತಿರುತ್ತವೆ. ಕಾರಿನವರಿಗೆ ಹೇಳಿದ ಮಾತು ಟ್ರೇಲರಿನ ಒಡೆಯರಿಗೂ ಅನ್ವಯಿಸುವುದೆಂದು ವಿವರಿಸಬೇಕಾಗಿಲ್ಲ. ಇಬ್ಬರೂ ಒಬ್ಬರೇ ಆಗಿರುವುದೂ ಉಂಟಷ್ಟೆ. ಟ್ರೇಲರಿನ ಹಿಂಬದಿಗೆ ಹಚ್ಚುವ ಕೆಂಪು ಹೊಳಪಿನ ಪಟ್ಟಿಗೆ ತಗಲುವ ಖರ್ಚು ಅಲ್ಪ. ಗ್ರಾಮದ ಹಿರಿಯರು ಮೊದಲು ತಮ್ಮದಕ್ಕೆ ಹಚ್ಚಿದರೆ ಉಳಿದವರೂ ಹಚ್ಚುತ್ತಾರೆ.

ಮನೆಯಲ್ಲಿ ಸರಕಿನ ಪಿಕಪ್ಪು ಇದ್ದು, ಅದು ಹೇಗೂ ಆ ಕಡೆಗೆ ಹೋಗುವಂತಿದ್ದರೆ, ಭಾರವಾದ ಹಳೆಯ ಮಾದರಿಯ ಸೈಕಲ್ಲನ್ನು ಅದರೊಳಗೆ ಮಲಗಿಸಿ ಕಟ್ಟಿ ಕಳುಹಿಸುವುದೇ ಮೇಲು. ಇಪ್ಪತ್ತೆರಡು ಕಿಲೋವಿನ ಸೈಕಲ್ಲನ್ನು ಪಟ್ಟಿಗಳಿಂದ ಡಿಕ್ಕಿಗೆ ತೂಗುಹಾಕುವುದನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಮಾಡಬೇಕು. ಮಕ್ಕಳ ಸೈಕಲ್ಲು, ಹಗುರವಾದ ಗೇರಿನ ಸೈಕಲ್ಲು ಇವುಗಳಿಗೆ ಆ ಚೌಕಟ್ಟು ಯೋಗ್ಯವಾದದ್ದು.

ಇಳಿಸುವಾಗ ಹೊರಗಿನ ಸೈಕಲ್ಲನ್ನು ಮೊದಲು, ಕಾರಿನ ಬಳಿಯದನ್ನು ಕಡೆಯಲ್ಲಿ ಇಳಿಸಬೇಕು. ಚೌಕಟ್ಟಿನ ಪಟ್ಟಿಗಳನ್ನು ಸೈಕಲ್ಲುಗಳು ಇಳಿದ ಬಳಿಕವೇ ಸಡಿಲಿಸಬೇಕು. ಚೌಕಟ್ಟನ್ನು ವರ್ಷವೆಲ್ಲ ಕಾರಿನಲ್ಲಿಯೇ ಬಿಡದೆ, ಬಿಚ್ಚಿ, ಪಟ್ಟಿಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ ಗೋಡೆಯ ಗೂಟಕ್ಕೆ ತೂಗುಹಾಕತಕ್ಕದ್ದು. ಪಟ್ಟಿಯ ಅಂಚು ನೂಲುನೂಲಾಗಿ ಎದ್ದಿದ್ದರೂ, ಬಣ್ಣ ಮಾಸಿ ಒರಟಾಗಿದ್ದರೂ ಅದನ್ನು ತೆಗೆದು ಹೊಸದನ್ನು ಹಾಕಿಸಬೇಕು. ತೆಗೆದ ಪಟ್ಟಿಯು ಕರುವನ್ನು ಕಟ್ಟುವುದಕ್ಕೆ ಆಗುತ್ತದೆ.